ಮೊದಲ ಸಲ ವಿಮಾನ ಹಾರಿಸಲು ಬರುವವರಿಗೆ ಪಾಠ: ಖುಷಿಯಿಂದ ಇಳಿಯುವ ಹಾಗೆ ಮಾಡುವುದು ಹೇಗೆ?

ಹೊಸ_ಸಿಎಫ್‌ಐ:
ನಾನು ಹೊಸ ಸಿಎಫ್‌ಐ (ವಿಮಾನ ಹಾರಿಸಲು ಕಲಿಸುವ ಬೋಧಕ). ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ನಾಲ್ಕು ಸೀಟಿನ ಸಣ್ಣ ವಿಮಾನ ಸೆಸ್ನಾ 172ಎಸ್‌ನಲ್ಲಿ ಡಿಸ್ಕವರಿ ಫ್ಲೈಟ್ (ಮೊದಲ ಸಲದವರು ತಾವೇ ಹಾರಿಸಿ ನೋಡುವ ಪಾಠ) ಕೊಡಬೇಕು. ಬರುವವರಲ್ಲಿ ಬರ್ತ್‌ಡೇ ಗಿಫ್ಟ್ ವೋಚರ್ ಹಿಡಿದು ಬರುವ ನಮ್ಮವರೂ ಇರ್ತಾರೆ. ಒಬ್ಬರು ಎಡಗಡೆ ಸೀಟಲ್ಲಿ, ಮನೆಯವರು ಹಿಂದೆ. ಒಂದು ಗಂಟೆ ಸ್ಲಾಟ್. ಏನೇನು ಮಾಡಿಸಲಿ? ಸ್ಟಾಲ್ (ಮೂತಿ ಹೆಚ್ಚು ಎತ್ತಿ ರೆಕ್ಕೆಯ ಎತ್ತುವ ಬಲ ಕುಸಿಯುವುದು) ತೋರಿಸಬಹುದಾ? ವಾಂತಿ ಆಗದ ಹಾಗೆ ಏನು ಮಾಡಬೇಕು?

ಟ್ರಿಮ್_ಚಕ್ರ:
ಸ್ಟಾಲ್ ಬೇಡ, ಸ್ಟೀಪ್ ಟರ್ನ್ (ತೀರಾ ಓರೆಯಾಗಿ ತಿರುಗುವುದು) ಬೇಡ. ಅದರಲ್ಲಿ ಕಾಣುವುದು ನಿಮ್ಮ ಕೈಚಳಕ. ಬಂದವರಿಗೆ "ನಾನೂ ಹಾರಿಸಬಲ್ಲೆ" ಅನ್ನಿಸಬೇಕು. ಗಾಳಿಯಲ್ಲಿ 30 ನಿಮಿಷ ಸಾಕು.

ನೆಲದ ಮೇಲೆ ಅವಸರ ಮಾಡಬೇಡಿ. ಸೀಟು ಮುಂದಕ್ಕೆ ಎಳೆದ ಮೇಲೆ ಹಿಂದೆ ಮುಂದೆ ಜಗ್ಗಿಸಿ, ಪಿನ್ ಹಳಿಯ ತೂತಿನಲ್ಲಿ ಕೂತಿದೆಯಾ ನೋಡಿ. ಕೂರದಿದ್ದರೆ ಟೇಕಾಫ್‌ನಲ್ಲಿ ಸೀಟು ಹಿಂದೆ ಜಾರುತ್ತದೆ, ಅವರು ಆಸರೆಗೆ ಯೋಕನ್ನೇ (ವಿಮಾನ ಹಾರಿಸುವ ಹಿಡಿಕೆ) ಹಿಡಿದು ಎಳೆಯುತ್ತಾರೆ. ಕುಳ್ಳಗಿರುವವರಿಗೆ ದಿಂಬು ಕೊಡಿ. ಕೌಲಿಂಗ್ (ಎಂಜಿನ್ ಮುಚ್ಚಳ) ಮೇಲೆ ದಿಗಂತ ಕಾಣದಿದ್ದರೆ ಪಾಠವೇ ಇಲ್ಲ. ಮೈಕ್ ತುಟಿಯ ಹತ್ತಿರವೇ ಇರಲಿ, ಇಲ್ಲದಿದ್ದರೆ ಇಂಟರ್‌ಕಾಮ್ ಮಾತನ್ನು ಅರ್ಧಕ್ಕೆ ನುಂಗುತ್ತದೆ. ಕಂಟ್ರೋಲ್ ಕೊಡುವಾಗ ಮೂರು ಮಾತು: "ನೀವು ಹಿಡೀರಿ", "ಹಿಡಿದೆ", "ಸರಿ, ನಿಮ್ಮ ಕೈಲಿದೆ". ವಾಪಸ್ ತೆಗೆದುಕೊಳ್ಳುವಾಗಲೂ ಹಾಗೇ.

ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ವಿಮಾನ ಓಡಿಸುವಾಗ) ಎಲ್ಲರೂ ಯೋಕನ್ನು ಕಾರಿನ ಸ್ಟಿಯರಿಂಗ್ ಥರ ತಿರುಗಿಸುತ್ತಾರೆ. ನೆಲದ ಮೇಲೆ ತಿರುಗಿಸುವುದು ಕಾಲಿನ ಪೆಡಲ್, ಅದಕ್ಕೇ ಕೈ ತೊಡೆ ಮೇಲೆ ಇಡಿಸಿ. ಹಿಮ್ಮಡಿ ನೆಲಕ್ಕೆ ತಾಗಿರಲಿ, ಬ್ರೇಕ್ ಇರುವುದು ಪೆಡಲ್‌ನ ಮೇಲ್ತುದಿಯಲ್ಲಿ.

ಡೆಲ್ ವಾಲೆ ಕೆರೆ ಕಡೆ ಹೋಗಿ 3,500 ಅಡಿಯಲ್ಲಿ ಸಮಮಟ್ಟಕ್ಕೆ ತಂದು, ಸುಮಾರು 2,300 ಆರ್‌ಪಿಎಂ ಇಟ್ಟು ಚೆನ್ನಾಗಿ ಟ್ರಿಮ್ ಮಾಡಿ (ಯೋಕ್ ಹಿಡಿಯದೆಯೂ ಅದೇ ಮಟ್ಟದಲ್ಲಿ ಹಾರುವಂತೆ ಹೊಂದಿಸಿ). ಆಮೇಲೆ ಇಬ್ಬರೂ ಕೈ ಬಿಟ್ಟು ಹತ್ತು ಸೆಕೆಂಡ್ ಕೂರಿ. ವಿಮಾನ ತಾನಾಗಿ ಹಾರುವುದನ್ನು ಕಂಡರೆ ಯೋಕಿನ ಮೇಲಿನ ಉಡದ ಹಿಡಿತ ಅರ್ಧ ಸಡಿಲವಾಗುತ್ತದೆ. ಹೆಬ್ಬೆರಳು ಮತ್ತು ಎರಡು ಬೆರಳಲ್ಲಷ್ಟೇ ಹಿಡಿಸಿ, 15–20 ಡಿಗ್ರಿ ಓರೆಯ ತಿರುವು ಮಾಡಿಸಿ. 172ರ ರೆಕ್ಕೆ ಮೇಲಿರುವುದರಿಂದ ತಿರುಗುವ ಕಡೆಯೇ ಮರೆಯಾಗುತ್ತದೆ. ಮೊದಲು ಆ ರೆಕ್ಕೆ ಸ್ವಲ್ಪ ಎತ್ತಿ ನೋಡಿ. ಕಣ್ಣು ಹೊರಗಿನ ಬದಲು ಪದೇ ಪದೇ ಉಪಕರಣಗಳ ಸ್ಕ್ರೀನಿಗೆ ಹೋದರೆ ಚಾರ್ಟ್ (ನಕ್ಷೆ) ಅಡ್ಡ ಹಿಡಿಯಿರಿ.

ಗಾಳಿಚೀಲ:
ಬೇಸಿಗೆಯಲ್ಲಿ ಮಧ್ಯಾಹ್ನದ ಬುಕಿಂಗ್ ತಗೋಬೇಡಿ. ಪಕ್ಕದ ಗುಡ್ಡಗಳ ನಡುವಿನ ದಾರಿ ಆಲ್ಟಮಾಂಟ್ ಪಾಸ್‌ನಲ್ಲಿ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಒಳನಾಡು ಕಾದಂತೆ ಕಡಲ ಕಡೆಯ ತಣ್ಣನೆ ಗಾಳಿ ಆ ದಾರಿಯಲ್ಲೇ ನುಗ್ಗುತ್ತದೆ, ಗುಡ್ಡಗಳ ಮೇಲೆ ವಿಮಾನ ಕುಲುಕಾಡುತ್ತದೆ. ಬೆಳಿಗ್ಗೆ 8ರಿಂದ 10 ಒಳ್ಳೆಯದು.

ವಾಂತಿ ಬರುವವರು ಮೊದಲು ಮಾತು ನಿಲ್ಲಿಸುತ್ತಾರೆ, ಆಮೇಲೆ ಆಕಳಿಕೆ, ಆಮೇಲೆ ಬೆವರು. ಮಾತು ನಿಂತಾಗಲೇ ವೆಂಟ್ ಮುಖಕ್ಕೆ ತಿರುಗಿಸಿ, ದಿಗಂತ ನೋಡಲು ಹೇಳಿ, ಕಂಟ್ರೋಲ್ ಅವರಿಗೇ ಕೊಡಿ. ತಿರುವು ಯಾವಾಗ ಬರುತ್ತದೆಂದು ಗೊತ್ತಿರುವವರಿಗೆ ತಲೆ ಸುತ್ತುವುದು ಕಡಿಮೆ. ಆದರೂ ಸಂಕಟ ಕಡಿಮೆಯಾಗದಿದ್ದರೆ ನೇರ ವಾಪಸ್. ಹಿಂದೆ ಕೂತು ಫೋನಲ್ಲಿ ವಿಡಿಯೋ ಮಾಡುವವರನ್ನೂ ಮರೀಬೇಡಿ. ಖಾಲಿ ಹೊಟ್ಟೆಯೂ ಬೇಡ, ಎರಡು ಇಡ್ಲಿ ತಿಂದು ಬರಲಿ.

ತೂಕದ_ಲೆಕ್ಕ:
ಇಂಧನ ತುಂಬಿಸುವ ಮುಂಚೆಯೇ ಫೋನ್ ಮಾಡಿ ಎಲ್ಲರ ತೂಕ ಕೇಳಿ. ಪೂರ್ತಿ ಟ್ಯಾಂಕ್ ಅಂದರೆ ಬಳಕೆಗೆ ಸಿಗುವ 53 ಗ್ಯಾಲನ್, ಅದೇ 318 ಪೌಂಡ್. ವಿಮಾನ, ಇಂಧನ, ಜನ ಎಲ್ಲ ಸೇರಿ ಗರಿಷ್ಠ ಟೇಕಾಫ್ ತೂಕ 2,550 ಪೌಂಡ್. ಸಂಕೋಚಕ್ಕೆ ಜನ ಕಡಿಮೆ ಹೇಳುತ್ತಾರೆ, ಕ್ಲಬ್‌ನಲ್ಲಿ ತಕ್ಕಡಿ ಇರಲಿ. ಬಂದ ಮೇಲೆ "ನಿಮ್ಮಲ್ಲೊಬ್ಬರು ಇಳೀರಿ" ಅನ್ನುವ ಪ್ರಸಂಗ ಬಂದರೆ ಗಿಫ್ಟಿನ ಖುಷಿ ಅಲ್ಲಿಗೇ ಮುಗೀತು.

ಟೇಕಾಫ್ ವಿಷಯ ಟ್ರಿಮ್_ಚಕ್ರ ಅವರು ಬಿಟ್ಟಿದ್ದಾರೆ. ನಾನಾದರೆ ಅವರಿಂದಲೇ ಎತ್ತಿಸುತ್ತೇನೆ: ರಡರ್ (ಮೂತಿ ಎಡಬಲ ತಿರುಗಿಸುವ ಪೆಡಲ್) ನನ್ನ ಕಾಲಲ್ಲಿ, 55 ನಾಟ್ಸ್‌ಗೆ "ಮೆಲ್ಲಗೆ ಎಳೀರಿ", ನನ್ನ ಕೈ ಯೋಕಿನ ಹಿಂದೆ. ಮನೆಗೆ ಹೋಗಿ ಹೇಳಿಕೊಳ್ಳುವುದು ಅದನ್ನೇ.

ಹೊಸ_ಸಿಎಫ್‌ಐ:
ಇಳಿಯುವಾಗಲೂ ಅವರ ಕೈಲಿ ಕೊಡಬಹುದಾ?

ಟ್ರಿಮ್_ಚಕ್ರ:
ಬೇಡ, ಕೈ ಹಗುರವಾಗಿ ಇಟ್ಟು ಹಿಂಬಾಲಿಸಲಿ. ಆದರೆ ಪ್ರತಿಯೊಂದನ್ನೂ ಮುಂಚೆಯೇ ಹೇಳಿ. ಪವರ್ ತಗ್ಗಿಸಿದ ಕೂಡಲೇ ಎಂಜಿನ್ ನಿಂತಿತು ಅಂದುಕೊಳ್ಳುತ್ತಾರೆ. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಿಚುಪಟ್ಟಿ) ಇಳಿಸಿದಾಗ ಮೂತಿ ಮೇಲೇಳುತ್ತದೆ. ನೆಲ ಮುಟ್ಟುವ ಹೊತ್ತಿಗೆ ಪೀಪಿ ಥರ ಕೂಗುವುದು ಸ್ಟಾಲ್ ಹತ್ತಿರ ಬಂತೆಂದು ಎಚ್ಚರಿಸುವ ಸ್ಟಾಲ್ ಹಾರ್ನ್, ಅಲ್ಲಿ ಅದು ಕೂಗಬೇಕಾದ್ದೇ.

ಇಳಿದ ಮೇಲೆ ಲಾಗ್‌ಬುಕ್ ಕೊಟ್ಟು 0.5 ಗಂಟೆ ಡ್ಯುಯಲ್ (ಬೋಧಕರ ಜೊತೆ ಹಾರಿದ ಹೊತ್ತು) ಅಂತ ಬರೆದು ಸಹಿ ಹಾಕಿ. ಮುಂದೆ ಲೈಸೆನ್ಸ್‌ಗೆ ಹೋದರೆ ಅದು ಲೆಕ್ಕಕ್ಕೆ ಬರುತ್ತದೆ. ಕೋರ್ಸ್ ಪ್ಯಾಕೇಜ್ ರೇಟು ಅವರಾಗಿ ಕೇಳಿದರೆ ಹೇಳಿ.