ರಾಮಗಡದ ಬೆಟ್ಟದ ಮೇಲೆ 30 ಜನ ಒಂದು ರಾತ್ರಿ ತಂಗಬಹುದೇ?

ಪ್ರಶ್ನೆ (ಕೊಪ್ಪಳದಿಂದ):
ನಮ್ಮ ಇತಿಹಾಸ ಬಳಗದ 30 ಜನ ನವೆಂಬರಿನಲ್ಲಿ ಸಂಡೂರು ತಾಲ್ಲೂಕಿನ ರಾಮಗಡಕ್ಕೆ ಹೊರಟಿದ್ದೇವೆ. ಬಳ್ಳಾರಿ ದಂಡಿನ ಬ್ರಿಟಿಷ್ ಸೈನಿಕರು ಕಾಯಿಲೆಯಿಂದ ಚೇತರಿಸಿಕೊಳ್ಳಲೆಂದು 19ನೆಯ ಶತಮಾನದಲ್ಲಿ ಬಂದಿರುತ್ತಿದ್ದ, 3,000 ಅಡಿಗೂ ಎತ್ತರದ ಆ ಬೆಟ್ಟದಲ್ಲಿ ಡೇರೆ ಹಾಕಿ, ಹಾಳುಬಿದ್ದ ಕಟ್ಟಡಗಳನ್ನೂ ಗೋರಿಗಳನ್ನೂ ಬೆಳಗಿನ ಬೆಳಕಿನಲ್ಲಿ ನೋಡಬೇಕೆಂಬುದು ನಮ್ಮ ಬಹುದಿನದ ಆಸೆ. ಅನುಮತಿ ಯಾರನ್ನು ಕೇಳಬೇಕು? ಅಡುಗೆಗೆ ಏನು ಮಾಡಬೇಕು?

ಉತ್ತರ (ಸಂಡೂರಿನಿಂದ):
ಊರಿನವರ ಬಾಯಿಮಾತನ್ನು ಅನುಮತಿಯೆಂದು ತಿಳಿಯಬೇಡಿ. ಸುತ್ತಲಿನ ಕಾಡು ಅರಣ್ಯ ಇಲಾಖೆಯದು. ಬಳ್ಳಾರಿಯ ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ಜನಸಂಖ್ಯೆ, ದಿನಾಂಕ, ವಾಹನಗಳ ವಿವರ ಬರೆದು ಮುಂಚಿತವಾಗಿ ಅರ್ಜಿ ಕೊಡಿ, ಒಂದು ಪ್ರತಿಯನ್ನು ವಲಯ ಅರಣ್ಯಾಧಿಕಾರಿಗಳಿಗೂ ತಲುಪಿಸಿ. ರಾತ್ರಿ ತಂಗಲು ಒಪ್ಪಿಗೆ ಸಿಗದಿದ್ದರೆ ಒತ್ತಾಯ ಮಾಡಬೇಡಿ. ಇದು ಕರಡಿಗಳ ಸೀಮೆ. ಹುತ್ತ ಬಗೆಯಲು, ಹಣ್ಣು ಹುಡುಕಲು ಅವು ಹೊರಬೀಳುವುದು ಹೆಚ್ಚಾಗಿ ಮುಸ್ಸಂಜೆಯಿಂದ ನಸುಕಿನವರೆಗೆ; ಡೇರೆಯ ಪಕ್ಕದಲ್ಲಿ ಬೆಲ್ಲವನ್ನೋ ಉಳಿದ ಅನ್ನವನ್ನೋ ಬಿಟ್ಟರೆ ನೀವೇ ಕರೆದಂತೆ. ಸಂಡೂರಿನಲ್ಲಿ ಮಲಗಿ, ಬೆಳಕು ಹರಿದ ಮೇಲೆ ಬೆಟ್ಟ ಹತ್ತುವುದೇ ಲೇಸೆಂದು ನನ್ನ ಅಭಿಪ್ರಾಯ. ಅದಿರಿನ ಲಾರಿಗಳು ಓಡಾಡುವ ರಸ್ತೆಯಾದ್ದರಿಂದ ರಾತ್ರಿ ಪ್ರಯಾಣವೂ ಬೇಡ.

ಉತ್ತರ (ಬಳ್ಳಾರಿಯಿಂದ):
ಬೆಂಕಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಇಲ್ಲಿಯದೇ ಒಂದು ಗುಡ್ಡದ ಬುಡದ ಹೊಲದಲ್ಲಿ ನಾವು ಮೂರು ಕಲ್ಲಿಟ್ಟು ಚಹಾ ಕಾಯಿಸಿ, ನೀರು ಸುರಿದು, ಆರಿತೆಂದು ಎದ್ದಿದ್ದೆವು. ಅರ್ಧ ತಾಸಿನ ನಂತರ ಮರೆತ ಚೀಲಕ್ಕಾಗಿ ಮರಳಿದಾಗ, ಒಂದು ಕಲ್ಲಿನಡಿಯ ಕೆಂಡದಿಂದ ಬದುವಿನ ಹುಲ್ಲು ಗೇಣುದ್ದ ಕರಿದಾಗಿ ಹೊಗೆಯಾಡುತ್ತಿತ್ತು. ಆ ಚೀಲ ಮರೆಯದೇ ಹೋಗಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ಎದೆ ನಡುಗುತ್ತದೆ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಬೆಂಕಿ ಹೊತ್ತಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧವೂ ಹೌದು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಬುತ್ತಿ ಕಟ್ಟಿಕೊಳ್ಳಿ, ಒಲೆಯೇ ಬೇಕಾಗುವುದಿಲ್ಲ. ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಿರಿ. ಗೋರಿಗಳ ಮೇಲೆ ಯಾರೂ ಕೂಡದಂತೆ, ಅಕ್ಷರ ಕಾಣಲೆಂದು ಕಲ್ಲನ್ನು ಉಜ್ಜದಂತೆ ಹುಡುಗರಿಗೆ ಮೊದಲೇ ಹೇಳಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಡೇರೆಯ ವಿಚಾರ ಕೈಬಿಟ್ಟಿದ್ದೇವೆ. ಸೋಮವಾರ ಅರ್ಜಿಯೊಂದಿಗೆ ನಾನೇ ಬಳ್ಳಾರಿಗೆ ಬರುತ್ತೇನೆ; ರೊಟ್ಟಿಯ ಹೊಣೆಯನ್ನು ನಮ್ಮ ಓಣಿಯ ತಾಯಂದಿರು ಆಗಲೇ ಹೊತ್ತಿದ್ದಾರೆ.