ಬೈಪಾಸ್ ಆದ ಮೇಲಿನ ಬೆನ್ನು-ಹೆಗಲು ನೋವಿಗೆ ಎಣ್ಣೆ ತಿಕ್ಕಿಸಬಹುದಾ?

ಸುರತ್ಕಲ್‌ನಿಂದ ಪ್ರಶ್ನೆ:

ಅಪ್ಪನಿಗೆ 64 ವರ್ಷ. ಹೃದಯದ ಬೈಪಾಸ್ ಆಪರೇಷನ್ ಆಗಿ ಐದು ವಾರ ಆಯ್ತು. ಎದೆಯ ಗಾಯ ಒಣಗಿದೆ, ಅದರ ನೋವು ತಡೆದುಕೊಳ್ತೇನೆ ಅಂತಾರೆ. ತಡೆಯಲಿಕ್ಕಾಗದ್ದು ಕುತ್ತಿಗೆ, ಹೆಗಲು, ಬೆನ್ನಿನ ಮೇಲ್ಭಾಗದ ನೋವು. ರಾತ್ರಿ ಎರಡು ಗಂಟೆಗೆ ಎದ್ದು ಚಾವಡಿಯಲ್ಲಿ ಈಸಿಚೇರ್ ಮೇಲೆ ಕೂತಿರ್ತಾರೆ. ಎಣ್ಣೆ ತಿಕ್ಕುವವರನ್ನು ಕರೆಸಿದ್ರೆ ಎರಡೇ ದಿನದಲ್ಲಿ ಹೋಗ್ತದೆ ಅಂತ ಅಜ್ಜಿ ಹಟ ಹಿಡಿದಿದ್ದಾರೆ. ಡಾಕ್ಟ್ರನ್ನು ಪುನಃ ಕಾಣ್ಲಿಕ್ಕೆ ಇನ್ನೂ ಹತ್ತು ದಿನ ಉಂಟು. ಇದನ್ನು ಅನುಭವಿಸಿದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ಮಸಾಜ್ ಮಾಡಿಸಬಹುದಾ?

ಕಟಪಾಡಿಯಿಂದ:

ತಂಗಿ, ಹತ್ತು ದಿನ ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಉಳಿದದ್ದು ಆಮೇಲೆ.

ನಮ್ಮವರಿಗೆ ಇದೇ ಆಪರೇಷನ್ ಆಗಿ ಎರಡು ವರ್ಷ ಕಳೆಯಿತು. ನಿಮ್ಮ ಅಪ್ಪನ ಹಾಗೇ, ಎದೆಗಿಂತ ಬೆನ್ನೇ ಹೆಚ್ಚು ನೋವು. ನಾಲ್ಕನೇ ವಾರ ಅತ್ತೆ ಹೇಳಿದರು ಅಂತ ಎಣ್ಣೆ ತಿಕ್ಕುವವರೊಬ್ಬರನ್ನು ಮನೆಗೆ ಕರೆಸಿದೆವು. ಕಂಬಳದಲ್ಲಿ ಕೋಣ ಓಡಿಸುವವರಿಗೆ ತಿಕ್ಕಿ ಹೆಸರು ಮಾಡಿದವರು, ಕೈಗುಣ ಇದ್ದವರು. ಎದೆ ಮುಟ್ಟಲಿಲ್ಲ. ಆದರೆ ಬೆನ್ನು ತಿಕ್ಕಿ ಮುಗಿಸಿ ಹಿಂದಿನಿಂದ ಎರಡೂ ಕೈ ಹಿಡಿದು ಮೇಲಕ್ಕೆ ಎಳೆದರು. ಇವರು ಕಿರುಚಿದ್ದು ಇವತ್ತಿಗೂ ನನ್ನ ಕಿವಿಯಲ್ಲಿ ಉಂಟು. ಆ ರಾತ್ರಿ ಕೆಮ್ಮಿದಾಗೆಲ್ಲ ಎದೆಯೊಳಗೆ ಕಟಕ್ ಕಟಕ್ ಅಂತಿತ್ತು. ಬೆಳಗ್ಗೆ ಕಾರು ಮಾಡಿಕೊಂಡು ಆಸ್ಪತ್ರೆಗೆ ಓಡಿದೆವು. ಎಕ್ಸ್‌ರೇಯಲ್ಲಿ ಎದೆಯ ಎಲುಬು ಕಟ್ಟಿದ ತಂತಿ ಇದ್ದ ಜಾಗದಲ್ಲೇ ಇತ್ತು, ದೇವರು ದೊಡ್ಡವನು. ಆದರೂ ಪುನಃ ಮೂರು ವಾರ ಎದೆಗೆ ಬೆಲ್ಟ್ ಕಟ್ಟಿಕೊಂಡು ಇರಬೇಕಾಯ್ತು. ಬೆನ್ನ ಮೇಲೆ ಅಲ್ಲಲ್ಲಿ ನೀಲಿ ಕಲೆ ಬೇರೆ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ ಗಟ್ಟಿ ಒತ್ತಿದರೆ ಹಾಗಾಗ್ತದಂತೆ. ಆ ಮಾತ್ರೆಯ ವಿಷಯ ನಾವು ಅವರಿಗೆ ಹೇಳಿಯೇ ಇರಲಿಲ್ಲ. ತಪ್ಪು ನಮ್ಮದು.

ಹಾಗಂತ ಮಸಾಜ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮವರಿಗೆ ನಿದ್ರೆ ತಿರುಗಿ ಬಂದದ್ದೇ ಅದರಿಂದ. ಆಪರೇಷನ್ ಮಾಡಿದ ಡಾಕ್ಟ್ರು ಒಪ್ಪಿದ ಮೇಲೆ ಫಿಸಿಯೋಥೆರಪಿಯವರು ನನ್ನನ್ನೇ ಪಕ್ಕದಲ್ಲಿ ನಿಲ್ಲಿಸಿ ಕಲಿಸಿದರು. ಕವುಚಿ ಮಲಗಿಸುವ ಹಾಗಿಲ್ಲ. ಊಟದ ಮೇಜಿನ ಮೇಲೆ ಎರಡು ದಿಂಬು ಇಡುವುದು, ಇವರು ಕುರ್ಚಿಯಲ್ಲಿ ಕೂತು ಹಣೆಯನ್ನು ದಿಂಬಿಗೆ ಆನಿಸುವುದು. ನಾನು ಹಿಂದೆ ನಿಂತು, ಉಗುರುಬೆಚ್ಚಗಿನ ತೆಂಗಿನೆಣ್ಣೆ ಸ್ವಲ್ಪವೇ ಕೈಗೆ ಹಚ್ಚಿಕೊಂಡು, ಕಿವಿಯ ಕೆಳಗಿನಿಂದ ಹೆಗಲಿನ ತುದಿಯವರೆಗೆ ನಿಧಾನಕ್ಕೆ ನೀವುವುದು. ತಿಕ್ಕುವುದಲ್ಲ, ನೀವುವುದು. ಮಗುವಿಗೆ ಎಣ್ಣೆ ಹಚ್ಚುವಾಗ ಎಷ್ಟು ಒತ್ತುತ್ತೇವೋ ಅದಕ್ಕಿಂತ ತುಸು ಹೆಚ್ಚು, ಅಷ್ಟೇ. ಆಮೇಲೆ ಹೆಗಲ ಹಲಗೆಗಳ ನಡುವೆ ಅಂಗೈಯಿಂದ ಸಣ್ಣ ಸಣ್ಣ ಸುತ್ತು. ಬೆನ್ನುಮೂಳೆಯ ಮೇಲೆ ಒತ್ತಬಾರದು, ಅದರ ಎರಡು ಬದಿಯಲ್ಲಿ ಮಾತ್ರ. ಎಲ್ಲ ಸೇರಿ ಹತ್ತು ನಿಮಿಷ. ಕೊನೆಗೆ ಅಂಗೈ, ಹೆಬ್ಬೆರಳ ಬುಡ, ಒಂದೊಂದೇ ಬೆರಳು. ಅಂಗೈ ನೀವುವಾಗಲೇ ಇವರ ಕಣ್ಣು ಎಳೆಯುತ್ತಿತ್ತು. ಆಪರೇಷನ್ ಆದ ಮೇಲೆ ಇವರಿಗೆ ಒಳಗೊಳಗೇ ಎಷ್ಟು ಹೆದರಿಕೆ ಇತ್ತು ಅಂತ ನನಗೆ ಗೊತ್ತಾದದ್ದೂ ಆ ಹೊತ್ತಿನಲ್ಲೇ. ಹಗಲಿಡೀ ಬಾಯಿ ಬಿಡದವರು ಆಗ ಮಾತಾಡ್ತಿದ್ರು.

ಅಜ್ಜಿಗೆ ಬೇಸರ ಆಗದ ಹಾಗೆ ಹೇಳಿ: ಕಫ ಕಟ್ಟಿದಾಗ, ಅಜೀರ್ಣ ಇದ್ದಾಗ ಅಭ್ಯಂಗ ಬೇಡ ಅಂತ ಆಯುರ್ವೇದವೇ ಹೇಳ್ತದೆ, ಎಣ್ಣೆಗೂ ಒಂದು ಕಾಲ ಉಂಟು ಅಂತ. ನಮ್ಮ ಅತ್ತೆ ಆ ಮಾತಿಗೆ ಒಪ್ಪಿದರು.

ಮಂಗಳೂರಿನಿಂದ, ಫಿಸಿಯೋಥೆರಪಿ ಕೆಲಸದಲ್ಲಿರುವವನು:

ಕಟಪಾಡಿಯ ಅಕ್ಕ ಹೇಳಿದ್ದು ಸರಿ. ಬೆನ್ನು ಯಾಕೆ ನೋಯ್ತದೆ ಅಂತ ಹೇಳ್ತೇನೆ, ಗೊತ್ತಿದ್ರೆ ಅಜ್ಜಿಗೆ ವಿವರಿಸ್ಲಿಕ್ಕೆ ಸುಲಭ.

ಬೈಪಾಸ್‌ನಲ್ಲಿ ಎದೆಯ ನಡು ಎಲುಬನ್ನು ಉದ್ದಕ್ಕೆ ಸೀಳಿ, ಎರಡು ಬದಿಗೂ ಅಗಲಿಸಿ ಗಂಟೆಗಟ್ಟಲೆ ಹಾಗೇ ಹಿಡಿದಿಡ್ತಾರೆ. ಪಕ್ಕೆಲುಬುಗಳು ಹಿಂದೆ ಬೆನ್ನುಮೂಳೆಗೆ ಸೇರುವ ಸಂದುಗಳೂ ಆಗ ಎಳೆದ ಹಾಗಾಗ್ತವೆ. ಆಮೇಲೆ ರೋಗಿ ಎದೆ ನೋಯ್ತದೆ ಅಂತ ಹೆದರಿ, ಹೆಗಲು ಮುಂದೆ ಬಗ್ಗಿಸಿ, ಅರ್ಧ ಉಸಿರು ತೆಗೆಯುತ್ತಾ ವಾರಗಟ್ಟಲೆ ಕೂರ್ತಾರೆ. ಕುತ್ತಿಗೆ-ಬೆನ್ನಿನ ಸ್ನಾಯು ಹಗ್ಗದ ಹಾಗೆ ಗಟ್ಟಿಯಾಗ್ತದೆ. ಸೀಳಿದ ಎಲುಬನ್ನು ಸ್ಟೀಲ್ ತಂತಿಯಿಂದ ಕಟ್ಟಿರ್ತಾರೆ, ಅದು ಕೂಡಿಕೊಳ್ಳಲಿಕ್ಕೆ ಸಾಮಾನ್ಯವಾಗಿ 6ರಿಂದ 8 ವಾರ, ಪೂರ್ತಿ ಗಟ್ಟಿಯಾಗ್ಲಿಕ್ಕೆ ಮೂರು ತಿಂಗಳು. ಸಕ್ಕರೆ ಕಾಯಿಲೆ ಇದ್ರೆ ಇನ್ನೂ ನಿಧಾನ. ಅಷ್ಟರವರೆಗೆ ಕೈ ಎಳೆಯುವುದು, ಬಾವಿಯಿಂದ ನೀರು ಸೇದುವುದು, ತುಂಬಿದ ಕೊಡಪಾನ ಎತ್ತುವುದು, ಬಸ್ಸಿನ ಕಂಬಿಗೆ ನೇತುಬೀಳುವುದು ಯಾವುದೂ ಬೇಡ.

ಮಸಾಜ್‌ಗಿಂತ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಹೆಗಲು ನೋವು ನಡೆದಾಗ, ಮೆಟ್ಟಿಲು ಹತ್ತಿದಾಗ ಹೆಚ್ಚಾಗಿ, ಕೂತಾಗ ಕಡಿಮೆಯಾಗ್ತದಾ? ಬೆವರು, ಏದುಸಿರು ಉಂಟಾ? ಹಾಗಿದ್ರೆ ಅದು ಸ್ನಾಯು ನೋವು ಅಂತ ಕೂರಬಾರದು, ಕೂಡಲೇ ಆಸ್ಪತ್ರೆ. ಎದೆಯಲ್ಲಿ ಕಟಕ್ ಶಬ್ದ, ಗಾಯದಲ್ಲಿ ಕೀವು ಅಥವಾ ಹೊಸದಾಗಿ ಕೆಂಪು, ಜ್ವರ, ಇವಕ್ಕೂ ಅದೇ ಮಾತು. ಮೀನಖಂಡವನ್ನಂತೂ ಯಾರಿಂದಲೂ ತಿಕ್ಕಿಸಬೇಡಿ. ಬೈಪಾಸ್‌ಗೆ ಜೋಡಿಸ್ಲಿಕ್ಕೆ ಕಾಲಿನಿಂದ ರಕ್ತನಾಳ ತೆಗೆದಿದ್ರೆ ಅಲ್ಲಿ ಹೇಗೂ ಬಾವು ಇರ್ತದೆ. ಒಂದೇ ಕಾಲು ಬಿಸಿಯಾಗಿ ಊದಿ ನೋಯ್ತಿದ್ರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದ್ರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯ.

ಹೀಗೆ ಹಗುರವಾಗಿ ನೀವುವುದನ್ನು ಸಣ್ಣದು ಅಂತ ತಿಳಿಯಬೇಡಿ. ಅಮೆರಿಕದ ಮೇಯೋ ಕ್ಲಿನಿಕ್‌ನವರು ಹೃದಯದ ಆಪರೇಷನ್ ಆದವರಲ್ಲಿ ಕೆಲವರಿಗೆ 20 ನಿಮಿಷ ಮಸಾಜ್, ಉಳಿದವರಿಗೆ ಅಷ್ಟೇ ಹೊತ್ತು ಬರೀ ವಿಶ್ರಾಂತಿ ಕೊಟ್ಟು ಹೋಲಿಸಿ ನೋಡಿದ್ದರು. 2010ರಲ್ಲಿ ಅದು ಪ್ರಕಟವಾಯ್ತು. ಮಸಾಜ್ ಆದವರಲ್ಲಿ ನೋವು, ಆತಂಕ, ಮೈ ಬಿಗಿತ ಮೂರೂ ಕಡಿಮೆಯಾಗಿತ್ತು. ಆದರೆ ಅದು ನೋವಿನ ಮಾತ್ರೆಯ ಜೊತೆಗೆ ಕೊಟ್ಟದ್ದು, ಮಾತ್ರೆ ಬಿಡಿಸಿ ಅಲ್ಲ. ಖಾಸಗಿಯಾಗಿ ಖರ್ಚು ಕಷ್ಟ ಅಂತಾದ್ರೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲೂ ಫಿಸಿಯೋಥೆರಪಿ ವಿಭಾಗ ಉಂಟು. ಡಿಸ್ಚಾರ್ಜ್ ಚೀಟಿ ಹಿಡ್ಕೊಂಡು ಹೋಗಿ.

ಉಳ್ಳಾಲದಿಂದ:

ನನ್ನದು ಹೃದಯ ಅಲ್ಲ, ಶ್ವಾಸಕೋಶದ ಆಪರೇಷನ್. ಬದಿಯಲ್ಲಿ ಪಕ್ಕೆಲುಬುಗಳ ನಡುವೆ ಕುಯ್ದದ್ದು. ಆದ್ದರಿಂದ ನೋವೂ ಬೇರೆ. ಗಾಯ ಮಾಗಿದ ಮೇಲೂ ಅಂಗಿ ತಾಗಿದರೆ ಬೆಂಕಿ ತಾಗಿದ ಹಾಗೆ ಉರಿ. ಮಸಾಜ್ ಬಿಡಿ, ಫ್ಯಾನ್ ಗಾಳಿ ಕೂಡ ಆಗ್ತಿರಲಿಲ್ಲ. ಪಕ್ಕೆಲುಬಿನ ಕೆಳಗೆ ಹೋಗುವ ನರಕ್ಕೆ ಪೆಟ್ಟಾದ್ದು, ಸ್ನಾಯು ನೋವಿನ ಮಾತ್ರೆ ಇದಕ್ಕೆ ಸಾಲದು ಅಂತ ಡಾಕ್ಟ್ರು ನರದ ನೋವಿಗೆ ಬೇರೆ ಮಾತ್ರೆ ಕೊಟ್ಟರು. ಜೊತೆಗೆ ಒಂದು ಅಭ್ಯಾಸ: ಮೊದಲು ಹತ್ತಿಯಿಂದ ಆ ಜಾಗ ಮೆಲ್ಲ ಸವರುವುದು, ಕೆಲವು ದಿನ ಬಿಟ್ಟು ಮೆತ್ತಗಿನ ಹಳೆ ಪಂಚೆ, ಆಮೇಲೆ ಬೈರಾಸು, ಅಂದ್ರೆ ಮೈ ಒರೆಸುವ ಟವೆಲು. ದಿನಕ್ಕೆ ನಾಲ್ಕೈದು ಸಲ, ಎರಡೆರಡು ನಿಮಿಷ. ಮುಟ್ಟಿದ್ದೆಲ್ಲ ಪೆಟ್ಟು ಅಲ್ಲ ಅಂತ ನರಕ್ಕೆ ಕಲಿಸುವ ಕ್ರಮ ಅದು. ಮೂರು ತಿಂಗಳಿಗೆ ನಾನು ಪುನಃ ಅಂಗಿ ಹಾಕಿ ಮಸೀದಿಗೆ ಹೋದೆ. ನಿಮ್ಮ ತಂದೆಗೆ ಉರಿಯುವ ನೋವಾ, ಹಿಡಿದ ನೋವಾ ಅಂತ ಕೇಳಿ ನೋಡಿ. ಎರಡಕ್ಕೂ ದಾರಿ ಬೇರೆ.

ಸುರತ್ಕಲ್‌ನಿಂದ, ನಾಲ್ಕು ದಿನ ಬಿಟ್ಟು:

ನಿಮ್ಮೆಲ್ಲರ ಋಣ ನನ್ನ ಮೇಲೆ ಉಂಟು. ಆಸ್ಪತ್ರೆಗೆ ಫೋನ್ ಮಾಡಿದೆ, ಮರುದಿನವೇ ಬರ್ಲಿಕ್ಕೆ ಹೇಳಿದರು. ಇಸಿಜಿ ಸರಿ ಉಂಟು. ಹಿಡಿದ ನೋವೇ, ಬೆನ್ನು-ಕುತ್ತಿಗೆಗೆ ಹಗುರವಾಗಿ ಕೈ ಆಡಿಸಬಹುದು, ಎದೆ ಮತ್ತು ಕಾಲು ಬೇಡ ಅಂದರು. ಬೆನ್ನು ನಾನು ನೀವ್ತೇನೆ. ಅಂಗೈ ಅಜ್ಜಿಗೆ ಬಿಟ್ಟಿದ್ದೇನೆ. ಮಗನ ಕೈ ಹಿಡಿದು ಕೂತರೆ ಅರ್ಧ ಗಂಟೆಯಾದರೂ ಏಳುವುದಿಲ್ಲ. ನಿನ್ನೆ ಅಪ್ಪ ಐದು ಗಂಟೆವರೆಗೆ ಮಲಗಿದರು. ಇನ್ನೊಂದೇ ಪ್ರಶ್ನೆ: ಎಡ ಎದೆಯ ಮೇಲೆ ಜೋಮು ಹಿಡಿದ ಹಾಗೆ ಉಂಟಂತೆ. ಅದಕ್ಕೂ ಹತ್ತಿಯಿಂದ ಸವರಬಹುದಾ?

ಮಂಗಳೂರಿನಿಂದ:

ಬೈಪಾಸ್‌ಗೆ ಎದೆಯ ಒಳಗೋಡೆಯ ಎಡಬದಿಯ ರಕ್ತನಾಳ ಬಿಡಿಸಿ ತೆಗೆದಿದ್ರೆ ಆ ಜೋಮು ತಿಂಗಳುಗಟ್ಟಲೆ ಇರಬಹುದು, ಹೆಚ್ಚಿನವರಿಗೆ ನಿಧಾನಕ್ಕೆ ಕಡಿಮೆಯಾಗ್ತದೆ. ಹತ್ತಿಯಿಂದ ಸವರಬಹುದು, ಹೊಲಿಗೆಯ ಗೆರೆ ಬಿಟ್ಟು. ಬಿಸಿನೀರಿನ ಚೀಲ ಮಾತ್ರ ಅಲ್ಲಿ ಇಡಬೇಡಿ. ಸ್ಪರ್ಶ ಗೊತ್ತಾಗದ ಜಾಗ, ಸುಟ್ಟದ್ದೂ ಗೊತ್ತಾಗುವುದಿಲ್ಲ.