ಮಿನಿ ಟ್ರ್ಯಾಕ್ಟರ್‌ಗೆ ಮಣ್ಣು ತಳ್ಳುವ ಬ್ಲೇಡ್: ಮುಂದೆ ಹಾಕಿಸೋದಾ, ಹಿಂದೆ ಹಾಕಿಸೋದಾ? ಅನುಭವ ಇದ್ದವರು ಹೇಳಿ

ಕೇಳಿದವರು: ಕೊಡಗಿನ ಮಾದಾಪುರ ಕಡೆಯ ಬೆಳೆಗಾರ (ಉತ್ತರ ಕೊಟ್ಟವರ ಹೆಸರಿನ ಬದಲು ಅವರವರ ಊರು ಹಾಕಿದೆ)

ಎಲ್ಲರಿಗೂ ನಮಸ್ಕಾರ. ಮುಖ್ಯ ರಸ್ತೆಯಿಂದ ನಮ್ಮ ಐನ್‌ಮನೆಗೆ (ಹಿರಿಯರ ಕಾಲದ ಕುಟುಂಬದ ಮನೆ) ಅರ್ಧ ಕಿಲೋಮೀಟರ್ ಮಣ್ಣು ರಸ್ತೆ. ಒಂದು ಕಡೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇನ್ನೊಂದು ಕಡೆ ತೋಡು, ಅಂದರೆ ಸಣ್ಣ ಹಳ್ಳ. ಮಳೆಗಾಲದಲ್ಲಿ ಮೂರು ನಾಲ್ಕು ಸಲ ಬರೆ ಜರಿಯುತ್ತದೆ. ದೊಡ್ಡದೇನಲ್ಲ, ಒಂದೆರಡು ಟಿಪ್ಪರ್ ಲೋಡಿನಷ್ಟು. ಆದರೆ ಹೋದ ವರ್ಷ ಜೆಸಿಬಿ ಸಿಗಲು ನಾಲ್ಕು ದಿನ ಆಯಿತು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಮುಖ್ಯ ರಸ್ತೆವರೆಗೆ ಹೊತ್ತುಕೊಂಡು ಹೋದೆವು.

ನನ್ನ ಹತ್ತಿರ 24 ಎಚ್‌ಪಿ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್ ಇದೆ. ಕೆನಡಾದಲ್ಲಿರುವ ತಂಗಿ ಒಂದು ವಿಡಿಯೋ ಕಳಿಸಿದ್ದಾಳೆ. ಅಲ್ಲಿ ಗಾರ್ಡನ್ ಟ್ರ್ಯಾಕ್ಟರ್ ಮುಂದೆ ಬ್ಲೇಡ್ ಕಟ್ಟಿ ಹಿಮ ತಳ್ಳುತ್ತಾರೆ. ಕಲ್ಲು ತಾಗಿದರೆ ಬ್ಲೇಡ್ ಸ್ಪ್ರಿಂಗ್ ಮೇಲೆ ಮಡಚಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಅಂಥದ್ದನ್ನು ಇಲ್ಲಿ ಮಾಡಿಸಬಹುದಾ? ಇಲ್ಲ, ಹಿಂದೆ ಕಟ್ಟುವ ಬ್ಲೇಡೇ ಸಾಕಾ? ಕೈಯಲ್ಲಿ 60,000 ಇದೆ. ಮುಂಗಾರಿಗೆ ಮೊದಲು ಆಗಬೇಕು.

ಸುಂಟಿಕೊಪ್ಪ

ಮುಂದೆ ಹಾಕಿಸಬೇಡಿ. ನಾನು ಹಾಕಿಸಿ ಕೈ ಸುಟ್ಟುಕೊಂಡವನು.

ನನ್ನದೂ 24 ಎಚ್‌ಪಿಯೇ. ನಾನೂ ಇಂಥದ್ದೇ ವಿಡಿಯೋ ನೋಡಿ ಮರುಳಾದೆ. ಬ್ಲೇಡು, ಫ್ರೇಮು, ಎರಡು ಸಿಲಿಂಡರ್, ವಾಲ್ವು, ಹೋಸ್ ಪೈಪು ಎಲ್ಲ ಸೇರಿ 1,18,000. ಅದರ ಮೇಲೆ ಲಾರಿ ಬಾಡಿಗೆ 4,600. ಫಿಟ್ ಮಾಡಲು ಬಂದವನು ಎರಡು ದಿನ ನಮ್ಮಲ್ಲೇ ಉಳಿದ, ಅವನಿಗೆ 7,000. ಮೊದಲ ಮಳೆಯಲ್ಲಿ ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಜುಲೈಯಲ್ಲಿ ಮುಂದಿನ ಆ್ಯಕ್ಸಲ್‌ನಿಂದ ಎಣ್ಣೆ ಸೋರಲು ಶುರುವಾಯಿತು. ಸೀಲು ಹಾಕಿಸಿದೆ, 3,800. ಒಂದೂವರೆ ತಿಂಗಳಲ್ಲಿ ಮತ್ತೆ ಸೋರಿತು. ಬುಷ್ ಸವೆದು ಸ್ಟೇರಿಂಗ್ ಒಂದು ಕಡೆ ಎಳೆಯತೊಡಗಿತು, ಬಿಚ್ಚಿ ಕಟ್ಟಲು 11,200. ಕ್ಲಚ್ ಪ್ಲೇಟ್ 14,500. ಬಿಲ್ಲುಗಳೆಲ್ಲ ಈಗಲೂ ನನ್ನ ಹತ್ತಿರ ಇವೆ.

ಮೊದಲೇ ಯೋಚಿಸಬೇಕಿತ್ತು. ಆಗ ತಾನೇ ಬಿದ್ದ ಹಿಮ ಒಂದು ಘನ ಮೀಟರಿಗೆ ನೂರು ಕೆಜಿ ಆಸುಪಾಸು ತೂಗುತ್ತದೆ. ನಮ್ಮ ನೆನೆದ ಕೆಂಪು ಮಣ್ಣು 1,800 ಕೆಜಿಗೂ ಮೇಲೆ. ಹಿಮಕ್ಕೆ ಅಂತ ಮಾಡಿದ ಬ್ಲೇಡನ್ನು ತಂದು ಬರೆ ಮಣ್ಣಿಗೆ ಕೊಟ್ಟರೆ ಆ ಪುಟ್ಟ ಆ್ಯಕ್ಸಲ್ ಏನು ಮಾಡೀತು? ಸ್ಪ್ರಿಂಗ್ ಹಾಕಿದರೂ ಅಷ್ಟೇ. ಅದು ಕಲ್ಲಿನ ಏಟಿಗೆ ಮಡಚುವಂಥದ್ದು. ನಮ್ಮ ಜಿಗುಟು ಮಣ್ಣಿನ ಭಾರಕ್ಕೇ ಮಡಚಿಕೊಳ್ಳುತ್ತದೆ, ಮಣ್ಣು ಅಡಿಯಲ್ಲೇ ನುಸುಳಿ ಹೋಗುತ್ತದೆ. ನಾನು ಕೊನೆಗೆ ಸ್ಪ್ರಿಂಗ್ ತೆಗೆಸಿ ವೆಲ್ಡ್ ಮಾಡಿಸಿದೆ. ಅದಾದ ಮೇಲೆಯೇ ಆ್ಯಕ್ಸಲ್‌ಗೆ ಪೆಟ್ಟು ಬಿದ್ದದ್ದು.

ನಾಪೋಕ್ಲು

ಅಣ್ಣ, ಸ್ಪ್ರಿಂಗ್ ತೆಗೆಸಿ ವೆಲ್ಡ್ ಮಾಡಿಸಿ ಆಮೇಲೆ ಬ್ಲೇಡನ್ನು ಬೈದರೆ ಹೇಗೆ? ಏಟು ತಡೆಯಲು ಇದ್ದದ್ದು ಅದೊಂದೇ. ಹಿಂದಿನ ಟೈರಿಗೆ ನೀರು ತುಂಬಿಸಿದ್ದಿರಾ? ಹಿಂದೆ ಭಾರ ಕಟ್ಟಿದ್ದಿರಾ? ಇಲ್ಲದಿದ್ದರೆ ಇಡೀ ಭಾರ ಮುಂದಕ್ಕೇ ಬಂದಿರುತ್ತದೆ.

ನಾನು 2019ರಿಂದ ಹಿಂದೆ ಕಟ್ಟುವ ಬ್ಲೇಡ್ ಇಟ್ಟುಕೊಂಡಿದ್ದೇನೆ. ಆ ಆಗಸ್ಟಿನಲ್ಲಿ ನಮ್ಮ ರಸ್ತೆ ಒಂಬತ್ತು ಕಡೆ ಮುಚ್ಚಿತ್ತು, ಅದಾದ ಮೇಲೆ ತೆಗೆದುಕೊಂಡದ್ದು. ಕುಶಾಲನಗರದ ಕಡೆ ಒಂದು ವರ್ಕ್‌ಶಾಪಿನಲ್ಲಿ 8 ಎಂಎಂ ಪ್ಲೇಟಿನಲ್ಲಿ ಮಾಡಿಸಿದೆ. 31,000 ಆಯಿತು. ಕೆಳಗಿನ ಅಂಚಿಗೆ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಾ ಕೊರೆಸಿ ಬೋಲ್ಟ್ ಹಾಕಿಸಿದೆ. ಒಂದು ಕಡೆ ಸವೆದರೆ ತಿರುಗಿಸಿ ಹಾಕಿಕೊಳ್ಳಬಹುದು. ಇವತ್ತಿನವರೆಗೆ ಅದಕ್ಕೆ ಖರ್ಚು ಮಾಡಿದ್ದು ಬೋಲ್ಟು ಮತ್ತು ಗ್ರೀಸಿಗೆ ಮಾತ್ರ.

ಒಂದೇ ತಪ್ಪು ಮಾಡಿದ್ದೆ, ಅದನ್ನೂ ಹೇಳುತ್ತೇನೆ. ಮೊದಲು ನಾಲ್ಕು ಅಡಿ ಬ್ಲೇಡ್ ಮಾಡಿಸಿದ್ದೆ. ನೇರ ಇಟ್ಟರೆ ಸರಿ. ಮಣ್ಣು ಪಕ್ಕಕ್ಕೆ ಹೋಗಲಿ ಅಂತ 30 ಡಿಗ್ರಿ ಓರೆ ಮಾಡಿದರೆ ಅದು ಹಿಡಿಯುವ ಅಗಲ ಮೂರೂವರೆ ಅಡಿಗೂ ಕಮ್ಮಿ. ಟೈರಿನ ಹೊರ ಅಂಚು ಅದಕ್ಕಿಂತ ಆಚೆ. ಮಣ್ಣಿನ ಸಾಲು ಅಲ್ಲೇ ಬಿದ್ದು, ಮುಂದಿನ ಸುತ್ತಿನಲ್ಲಿ ಒಂದು ಚಕ್ರ ಅದರ ಮೇಲೇ ಹತ್ತಿ ಟ್ರ್ಯಾಕ್ಟರ್ ವಾಲುತ್ತಿತ್ತು. ತೋಡಿನ ಬದಿಯಲ್ಲಿ ಹಾಗೆ ವಾಲಿದರೆ ಎದೆ ಧಸಕ್ ಎನ್ನುತ್ತದೆ. ಆ ಬ್ಲೇಡನ್ನು 12,000ಕ್ಕೆ ಕೊಟ್ಟು ಐದು ಅಡಿಯದ್ದು ಮಾಡಿಸಿದೆ. ಓರೆ ಇಟ್ಟರೂ ನಾಲ್ಕೂಕಾಲು ಅಡಿ ಮೇಲೆಯೇ ಸಿಗುತ್ತದೆ.

ಸುಂಟಿಕೊಪ್ಪ

ನೀರೂ ತುಂಬಿಸಿದ್ದೆ, ಹಿಂದೆ 120 ಕೆಜಿ ಕಬ್ಬಿಣವನ್ನೂ ಕಟ್ಟಿದ್ದೆ. ಕೇಳದೇ ತಪ್ಪು ಹೊರಿಸಬೇಡಿ. ನಿಮ್ಮ ಹಿಂದಿನ ಬ್ಲೇಡ್ ಕೆಲಸ ಮಾಡಬೇಕಾದರೆ ಟ್ರ್ಯಾಕ್ಟರ್ ಮೊದಲು ಆ ಮಣ್ಣು ದಾಟಬೇಕಲ್ವಾ? ಮಂಡಿಯುದ್ದ ಕೆಸರಿನ ಮೇಲೆ ಹೇಗೆ ದಾಟುತ್ತೀರಿ? ರಿವರ್ಸಲ್ಲಿ ತಳ್ಳಬೇಕು. ರಿವರ್ಸಲ್ಲಿ ತಳ್ಳಿದರೆ ಬ್ಲೇಡನ್ನು ಟ್ರ್ಯಾಕ್ಟರಿಗೆ ಹಿಡಿಸುವ ಕೆಳಗಿನ ಲಿಂಕ್ ಬಗ್ಗುತ್ತದೆ. ಅದನ್ನು ಮಾತ್ರ ನೀವು ಹೇಳಲೇ ಇಲ್ಲ.

ನಾಪೋಕ್ಲು

ಬಗ್ಗಿತ್ತು, ಒಂದು ಸಲ. 2020ರಲ್ಲಿ. 6,200 ಕೊಟ್ಟು ಹೊಸದು ಹಾಕಿಸಿದೆ. ಮಣ್ಣಿನೊಳಗೆ ಸಿಲ್ವರ್ ಓಕ್ ಬೇರು ಇತ್ತು, ಗೊತ್ತಾಗಲಿಲ್ಲ. ಅದಾದ ಮೇಲೆ ರಾಶಿಗೆ ಗುದ್ದುವುದಿಲ್ಲ. ಅಂಚಿನಿಂದ ಒಂದೊಂದು ಅಡಿ ಕೆರೆದುಕೊಂಡು ಹೋಗುತ್ತೇನೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಮಿನಿ ಟ್ರ್ಯಾಕ್ಟರನ್ನು ಬುಲ್ಡೋಜರ್ ಅಂತ ತಿಳಿದವರಿಗೇ ಬಿಲ್ಲು ಜಾಸ್ತಿ ಬರುವುದು.

ಪೊನ್ನಂಪೇಟೆ

ನಮ್ಮ ಯಜಮಾನರು ತೀರಿಕೊಂಡ ಮೇಲೆ ತೋಟ ನಾನೇ ನೋಡಿಕೊಳ್ಳುತ್ತಿದ್ದೇನೆ. ಹಿಂದಿನ ಬ್ಲೇಡ್ ತೆಗೆದುಕೊಂಡೆ, ಐದು ಅಡಿಯದ್ದು, 34,500. ಅಂಗಡಿಯವನು ಅದರ ಜೊತೆ ಒಂದು ಜೊತೆ ಚಕ್ರದ ಚೈನನ್ನೂ ತಲೆಗೆ ಕಟ್ಟಿದ, 9,000. ಚೈನ್ ಹಾಕಿದ್ದು ಎರಡೇ ಸಲ. ಅದು ನಮ್ಮ ರಸ್ತೆಯ ಜಲ್ಲಿಯನ್ನೆಲ್ಲ ಕಿತ್ತು ಹಾಕಿತು. ಈಗ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದೆ. ಅದನ್ನು ನೋಡಿದಾಗಲೆಲ್ಲ ಸಂಕಟ ಆಗುತ್ತದೆ.

ಬ್ಲೇಡ್ ಬಗ್ಗೆ ಮಾತ್ರ ಬೇಸರವಿಲ್ಲ. ಮಳೆಗಾಲದಲ್ಲಿ ಮಣ್ಣಿಗೆ ಎಷ್ಟು ಬೇಕಾಯಿತೋ, ಜನವರಿ ಫೆಬ್ರವರಿಯಲ್ಲಿ ಕಾಫಿ ಕಣಕ್ಕೂ ಅಷ್ಟೇ ಬೇಕಾಯಿತು. ಕೆಳಗಿನ ಕಬ್ಬಿಣದ ಅಂಚು ಬಿಚ್ಚಿ, ಹಳೇ ಕನ್ವೇಯರ್ ಬೆಲ್ಟಿನ ರಬ್ಬರ್ ಪಟ್ಟಿ ಬೋಲ್ಟ್ ಮಾಡಿಸಿದೆ. ಸಂಜೆ ಕಾಫಿ ರಾಶಿ ಮಾಡಲು ನಾಲ್ಕು ಆಳು ಬೇಕಿತ್ತು. ಈಗ ಡ್ರೈವರ್ ಒಬ್ಬನೇ ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಾನೆ. ಆಳು ಸಿಗದ ಈ ಕಾಲದಲ್ಲಿ ನನಗೆ ಅದೇ ದೊಡ್ಡ ಉಪಕಾರ.

ಸಿದ್ದಾಪುರ

ಅಕ್ಕ, ದಯವಿಟ್ಟು ಕಣಕ್ಕೆ ಟ್ರ್ಯಾಕ್ಟರ್ ಇಳಿಸಬೇಡಿ. ಕಾಫಿ ಬೇರೆ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಡೀಸೆಲ್ ಹೊಗೆ, ಒಂದು ತೊಟ್ಟು ಹೈಡ್ರಾಲಿಕ್ ಎಣ್ಣೆ ಸಾಕು. ಟೈರಿನಡಿ ಸಿಕ್ಕ ಕಾಯಿ ಒಡೆಯುವುದು ಬೇರೆ. ಕಾಫಿ ಕುಡಿದು ರುಚಿ ನೋಡುವ ಕಪ್ ಟೆಸ್ಟಿಂಗಿನಲ್ಲಿ ನನ್ನ ಒಂದು ಲಾಟ್ ಹೀಗೆಯೇ ಬಿದ್ದುಹೋಯಿತು. 42 ಮೂಟೆ. ಮೂಟೆಗೆ 400 ರೂಪಾಯಿ ಕಮ್ಮಿ ಕೊಟ್ಟರು. ಕಾರಣ ಹುಡುಕಿದರೆ ಕಣದ ಮೂಲೆಯಲ್ಲಿ ನಿಲ್ಲಿಸಿದ್ದ ಪವರ್ ಟಿಲ್ಲರ್.

ಪೊನ್ನಂಪೇಟೆ

ನಿಮ್ಮದು ಎಣ್ಣೆ ಸೋರುವ ಟಿಲ್ಲರ್ ಇರಬೇಕು. ನಮ್ಮದು ಚೆರಿ ರೊಬಸ್ಟಾ, ಹೊರಗಿನ ಸಿಪ್ಪೆ ಸಮೇತ ಒಣಗುವುದು. ಮೂರು ವರ್ಷದಿಂದ ಒಂದು ಮೂಟೆಯೂ ವಾಪಸ್ ಬಂದಿಲ್ಲ. ನಾಲ್ಕು ಆಳಿನ ಕೂಲಿ ನೀವು ಕೊಡುತ್ತೀರಾ?

ಸಿದ್ದಾಪುರ

ಸಿಪ್ಪೆ ಇದ್ದರೂ ವಾಸನೆ ಒಳಗೆ ಹೋಗುತ್ತದೆ ಅಕ್ಕ. ಕಷ್ಟ ನನಗೂ ಗೊತ್ತು. ಪಾರ್ಚ್‌ಮೆಂಟ್ (ಹೊರಗಿನ ಸಿಪ್ಪೆ ತೆಗೆದು ಒಣಗಿಸುವ ಕಾಫಿ) ಮಾಡುವವರು ಯಾರಾದರೂ ಇದನ್ನು ಓದಿ ಹಾಗೇ ಮಾಡಿಯಾರು ಅಂತ ಹೇಳಿದೆ.

ಶನಿವಾರಸಂತೆ

ಎಲ್ಲರೂ ಕೊಂಡಿದ್ದನ್ನೇ ಹೇಳುತ್ತಿದ್ದೀರಿ. ನಾನು ಕೊಳ್ಳಬಾರದಿತ್ತು. ಸಾಲ ಮಾಡಿ ಟ್ರ್ಯಾಕ್ಟರ್, ಬ್ಲೇಡ್, ಟ್ರೇಲರ್ ಎಲ್ಲ ತೆಗೆದುಕೊಂಡೆ. ಆ ವರ್ಷವೇ ಮೆಣಸಿಗೆ ರೋಗ ಬಂತು. ಕಂತು ಕಟ್ಟಲು ಪಟ್ಟ ಪಾಡು ನನಗೇ ಗೊತ್ತು. ಲೆಕ್ಕ ಹಾಕಿದರೆ ವರ್ಷಕ್ಕೆ ಹನ್ನೊಂದು ಗಂಟೆ ಬ್ಲೇಡ್ ಓಡಿದೆ. ಗಂಟೆಗೆ 1,400 ಕೊಟ್ಟು ಜೆಸಿಬಿ ತರಿಸಿದ್ದರೆ ಸಾಲವೇ ಬೇಕಿರಲಿಲ್ಲ.

ಇನ್ನೊಂದು ಮಾತು. ಕೆರೆದ ಮಣ್ಣನ್ನು ಎಲ್ಲಿಗೆ ಹಾಕುತ್ತೀರಿ? ಒಬ್ಬರೂ ಹೇಳಲಿಲ್ಲ. ನನ್ನ ಮೇಲಿನ ತೋಟದವರು ಪ್ರತಿ ವರ್ಷ ತೋಡಿಗೆ ತಳ್ಳುತ್ತಾರೆ. ತೋಡು ಕಟ್ಟಿಕೊಂಡು ನೀರು ನನ್ನ ಗದ್ದೆಗೆ ನುಗ್ಗುತ್ತದೆ. ಎರಡು ಸಲ ನಾಟಿ ಹೋಯಿತು.

ನಾಪೋಕ್ಲು

ಜೆಸಿಬಿ ಗಂಟೆಗೆ 1,400, ಸರಿ. ಆದರೆ ಬರುವ ಹೋಗುವ ಖರ್ಚು? ಮಳೆಯಲ್ಲಿ ಎಲ್ಲರ ರಸ್ತೆಯೂ ಒಟ್ಟಿಗೆ ಮುಚ್ಚುತ್ತದೆ. 2018ರ ಆಗಸ್ಟಿನಲ್ಲಿ ದುಡ್ಡು ಹಿಡಿದುಕೊಂಡು ನಿಂತರೂ ಯಂತ್ರ ಇರಲಿಲ್ಲ. ಜೊತೆಗೆ ಜೆಸಿಬಿ ಬಂದರೆ ಬರೆಯ ಬುಡವನ್ನೇ ಕಿತ್ತು ಹೋಗುತ್ತದೆ, ಮುಂದಿನ ಮಳೆಗೆ ಅದು ಮತ್ತೆ ಜರಿಯುತ್ತದೆ. ಇಳಿಜಾರನ್ನು ನೆಟ್ಟಗೆ ಕಡಿದದ್ದಕ್ಕೆ ನಮ್ಮ ಜಿಲ್ಲೆ ಎಷ್ಟು ಅನುಭವಿಸಿದೆ ಅಂತ ನಿಮಗೂ ಗೊತ್ತು.

ತೋಡಿನ ವಿಷಯದಲ್ಲಿ ನಿಮ್ಮ ಮಾತು ಸರಿ. ನಾನು ಸಮತಟ್ಟು ಇರುವ ಕಡೆಗೆ ಎಳೆದುಕೊಂಡು ಹೋಗಿ ಹರಡುತ್ತೇನೆ. ಹಿಂದಿನ ಬ್ಲೇಡಿನಲ್ಲಿ ಎಳೆಯಬಹುದು, ಮುಂದಿನದರಲ್ಲಿ ತಳ್ಳುವುದೊಂದೇ ದಾರಿ.

ಸುಂಟಿಕೊಪ್ಪ

ಮತ್ತೆ ನನಗೇ ಚುಚ್ಚಿದಿರಿ. ಇರಲಿ. ನಾನು 2018ರಲ್ಲಿ ಮಕ್ಕಂದೂರಿನ ನಮ್ಮ ನೆಂಟರ ಮನೆಯ ಹತ್ತಿರ ಇದ್ದೆ, ಅಲ್ಲಿ ಗುಡ್ಡ ಕುಸಿದದ್ದನ್ನು ಕಣ್ಣಾರೆ ನೋಡಿದವನು. ಅದಕ್ಕೇ ಹೇಳುತ್ತೇನೆ. ಮುಂದೋ ಹಿಂದೋ ಆಮೇಲೆ. ಬರೆಯಿಂದ ಕೆಸರು ನೀರು ಒಸರುತ್ತಿದ್ದರೆ, ಮರ ವಾಲಿದ್ದರೆ, ಆ ರಸ್ತೆಗೆ ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಬೇಡಿ. ಮಳೆ ನಿಂತು ಒಂದು ದಿನ ಕಳೆಯಲಿ. ಅಮ್ಮನನ್ನು ಹೊತ್ತುಕೊಂಡೇ ಹೋಗಿ, ಪರವಾಗಿಲ್ಲ.

ಮಾದಾಪುರ

ಎಲ್ಲರಿಗೂ ಉಪಕಾರ. ಟೇಪ್ ಹಿಡಿದು ನೋಡಿದೆ. ನನ್ನ ಹಿಂದಿನ ಟೈರಿನ ಹೊರ ಅಂಚಿನಿಂದ ಹೊರ ಅಂಚಿಗೆ 43 ಇಂಚು. ಹಾಗಾದರೆ ನಾಲ್ಕು ಅಡಿಯದ್ದು ಓರೆ ಇಟ್ಟಾಗ ಸಾಲದು. ಐದು ಅಡಿ, ಹಿಂದೆ, ತಿರುಗಿಸಿ ಹಾಕುವ ಅಂಚು ಅಂತ ಮನಸ್ಸು ಮಾಡಿದ್ದೇನೆ. ಒಂದು ಮಾತ್ರ ಯಾರೂ ಹೇಳಲಿಲ್ಲ. ನಮ್ಮ ರಸ್ತೆಯಲ್ಲಿ ಎರಡು ತಿರುವು ಇದೆ, ಅಲ್ಲಿ ಅಗಲ ಎಂಟೇ ಅಡಿ. ಹಿಂದೆ ಬ್ಲೇಡ್ ಕಟ್ಟಿಕೊಂಡು ಅಲ್ಲಿ ತಿರುಗಿಸಲು ಆಗುತ್ತದಾ?

ಪೊನ್ನಂಪೇಟೆ

ನಮ್ಮಲ್ಲಿ ಒಂಬತ್ತು ಅಡಿಯ ತಿರುವಿದೆ. ಬ್ಲೇಡ್ ಪೂರ್ತಿ ಎತ್ತಿ, ನೇರ ಮಾಡಿ, ಎರಡು ಸಲ ಹಿಂದೆ ಮುಂದೆ ಮಾಡಿದರೆ ಬರುತ್ತದೆ. ಲಿಂಕ್ ಅತ್ತಿತ್ತ ಹೋಗದಂತೆ ಹಿಡಿಯುವ ಚೆಕ್ ಚೈನ್ ಬಿಗಿ ಮಾಡಿ, ಇಲ್ಲದಿದ್ದರೆ ತಿರುಗುವಾಗ ಬ್ಲೇಡ್ ಓಲಾಡಿ ಟೈರಿಗೆ ತಾಗುತ್ತದೆ. ನನ್ನ ಒಂದು ಟೈರ್ ಹಾಗೇ ಹೋಯಿತು. ಎಂಟು ಅಡಿ ನಾನು ನೋಡಿಲ್ಲ. ಮಾಡಿಸುವ ಮೊದಲು ಐದು ಅಡಿಯ ಬಿದಿರು ಹಿಂದೆ ಅಡ್ಡ ಕಟ್ಟಿಕೊಂಡು ಒಂದು ಸುತ್ತು ಓಡಿಸಿ ನೋಡಿ.

ಸುಂಟಿಕೊಪ್ಪ

ಮುಂದಿನ ಬ್ಲೇಡಿಗೆ ಆ ತಿರುವು ತೊಂದರೆಯೇ ಅಲ್ಲ, ಇದೊಂದು ಅದರ ಪರವಾಗಿ ಹೇಳಲೇಬೇಕು. ನನ್ನದು ಫ್ರೇಮ್ ಸಮೇತ ಶೆಡ್ಡಿನಲ್ಲಿದೆ. ಯಾರಿಗಾದರೂ 35 ಎಚ್‌ಪಿ ಮೇಲಿನ ಟ್ರ್ಯಾಕ್ಟರ್ ಇದ್ದರೆ 45,000ಕ್ಕೆ ಕೊಡುತ್ತೇನೆ. 24ರವರಿಗೆ ಕೊಡುವುದಿಲ್ಲ.